ಪಥ್ಯದ ಎಡೆ

ಮಗನ ತಿಥಿಯ ಎಡೆಯನ್ನು ತಾರಸಿಯ ಮೇಲೆ ಇಟ್ಟಿದ್ದರು. ಕಾಗೆ ಮುಟ್ಟಿದರೆ ಸತ್ತವನಿಗೆ ತೃಪ್ತಿ, ಆಮೇಲೆಯೇ ಉಳಿದವರಿಗೆ ಊಟ. ಕಾಗೆಗಳೇನೋ ನೀರಿನ ಟ್ಯಾಂಕಿನ ಮೇಲೆ ಸಾಲಾಗಿ ಕೂತಿದ್ದವು, ಕೆಳಗಿಳಿಯಲಿಲ್ಲ.

"ಹೆಂಗಿಳೀತಾವೆ ಅತ್ತಿಗೆ? ಬರೀ ಅನ್ನ, ಸೊಪ್ಪಿನ ಪಲ್ಯ! ಇದ್ದಾಗಂತೂ ಅವನಿಗೆ ಇದೇ ಆಯ್ತು, ಈಗ್ಲೂನಾ?" ಎಂದಳು ನಾದಿನಿ.

"ಸಿಹಿ ಅವನ ಮೈಗೆ ಒಗ್ತಿರಲಿಲ್ಲ ಕಣೇ. ನಮ್ಮ ಎರಡೂ ಮನೆತನದಿಂದ ಬಂದ ಕಾಯಿಲೆ. ಒಂದು ಬಾಳೆಹಣ್ಣು ತಿಂದ್ರೂ ಹೊಟ್ಟೆ ಹಿಡ್ಕೊಂಡು ಒದ್ದಾಡೋನು."

"ಆ ಮೈಯನ್ನೇ ಸುಟ್ಟು ಬಂದ್ವಲ್ಲ ಅತ್ತಿಗೆ. ಜಿಲೇಬಿ ಅಂಗಡಿ ಮುಂದೆ ನಿಂತು ನೋಡೋನಲ್ಲ, ಆ ಆಸೆನಾದ್ರೂ ತೀರ್ಸಿ ಕಳ್ಸಿ."

ಕೊನೆಗೆ ತಾಯಿ ತಾನೇ ಅಂಗಡಿಗೆ ಹೋಗಿ ಜಿಲೇಬಿ ತಂದು ಎಲೆಯ ಮೇಲಿಟ್ಟಳು.

ತಟ್ಟನೆ ಒಂದು ಕಾಗೆ ಇಳಿಯಿತು. ಅನ್ನ ಬಿಟ್ಟು ನೆಟ್ಟಗೆ ಜಿಲೇಬಿಯ ಹತ್ತಿರ ಹೋಗಿ ಕತ್ತು ಓರೆ ಮಾಡಿ ನೋಡಿತು.

"ಬಂದ! ನಮ್ಮ ಹುಡುಗ ಬಂದ!" ಎಂದು ಎಲ್ಲರೂ ಕೈ ಮುಗಿದರು.

ಅದು ಕೊಕ್ಕು ಹಾಕುವಷ್ಟರಲ್ಲಿ ತಾಯಿ ಓಡಿಬಂದು, ಸೆರಗು ಬೀಸಿ ಅದನ್ನು ಓಡಿಸಿಬಿಟ್ಟಳು: "ಬೇಡ ಮಗಾ, ಬೇಡ! ಹೊಟ್ಟೆ ನೋಯುತ್ತೆ!"