ಅಪ್ಪನ ಪೈಪು

ಪೆಟ್ಟಿಗೆಯಿಂದ ತೆಗೆದ ಪೈಪು ಬೆಚ್ಚಗಿತ್ತು.

ಅಧ್ಯಕ್ಷರು ಏನೂ ಆಗಿಲ್ಲವೆಂಬಂತೆ ಅದನ್ನು ಮತ್ತೆ ಮಖಮಲ್ಲಿನ ಮೇಲೆ ಮಲಗಿಸಿದರು. ಅವರು ಪೆಟ್ಟಿಗೆ ಹಿಡಿದು ಬಂದಿದ್ದ ಈ ಪೈಪು ಸೇದುವವರ ಸಂಘಕ್ಕೆ ಮನೆಯಿಂದ ಎರಡೇ ಬೀದಿ ದೂರ. ಅಂದರೆ ಅವರು ಮಧ್ಯಾಹ್ನದ ನಿದ್ದೆ ತೆಗೆಯುತ್ತಿದ್ದಾಗ, ಅವರದೇ ಮನೆಯಲ್ಲಿ, ಅವರಪ್ಪನ ಪೈಪನ್ನು ಯಾರೋ ಸೇದಿ ಅವಸರದಲ್ಲಿ ವಾಪಸ್ ಇಟ್ಟಿದ್ದರು.

ಅದು ಅಂತಿಂಥ ಪೈಪಲ್ಲ. ಸಂಘದ ಗೋಡೆಯ ಮೇಲೆ ಅಪ್ಪನ ದೊಡ್ಡ ಫೋಟೋ ಇತ್ತು: ಅಗಲವಾದ ದವಡೆ, ಕೈಯಲ್ಲಿ ಇದೇ ಪೈಪು. ಹೊಗೆ ಮಾತ್ರ ಕಾಣುತ್ತಿರಲಿಲ್ಲ. "ಅದೇ ನೋಡಿ ಸಂಯಮ," ಎಂದು ಅಧ್ಯಕ್ಷರು ಹೊಸ ಸದಸ್ಯರಿಗೆ ವಿವರಿಸುತ್ತಿದ್ದರು. "ಪಳಗಿದ ಗಂಡಸು ಸೇದಿದ್ರೆ ಹೊಗೆ ಕೂಡ ಎದ್ದು ಕಾಣಲ್ಲ." ಅಪ್ಪ ಮಕ್ಕಳೆದುರು ಒಮ್ಮೆಯೂ ಸೇದಿದವರಲ್ಲ, ಅಷ್ಟು ಶಿಸ್ತು. ಮುಚ್ಚಿದ ಕೋಣೆಯಿಂದ ತೂರಿಬರುತ್ತಿದ್ದ ಪರಿಮಳವಷ್ಟೇ ಅಧ್ಯಕ್ಷರ ಬಾಲ್ಯ. ಈಗಲೂ ಅವರು ಆ ಪೈಪನ್ನು ಹಲ್ಲಿನಿಂದ ಕಚ್ಚುತ್ತಿರಲಿಲ್ಲ. ಭಕ್ತಿಯಿಂದ ತುಟಿಯಷ್ಟೇ ತಾಗಿಸುತ್ತಿದ್ದರು.

ಸಂಘದಲ್ಲಿ ಎಲ್ಲರೂ ಗಂಡಸರೇ. ಹೆಂಗಸರಿಗೆ ಪ್ರವೇಶವಿಲ್ಲ ಎಂಬ ಫಲಕವೇನೂ ಇರಲಿಲ್ಲ. ಅಧ್ಯಕ್ಷರ 'ಪೈಪು ಮತ್ತು ಪೌರುಷ' ಉಪನ್ಯಾಸವೇ ಆ ಕೆಲಸ ಮಾಡುತ್ತಿತ್ತು. ಅದರ ಸಾರ ಇಷ್ಟು: ಸಿಗರೇಟು ಆತುರದ್ದು, ಯಾರು ಬೇಕಾದರೂ ಸೇದಬಹುದು. ಪೈಪಿಗೆ ತಾಳ್ಮೆ ಬೇಕು, ಮೌನ ಬೇಕು, ಒಂದೇ ಕೆಂಡವನ್ನು ಗಂಟೆಗಟ್ಟಲೆ ಆರದಂತೆ ಕಾಯುವ ಗುಣ ಬೇಕು. ಒಲೆಯ ಮುಂದೆ ಆಯಸ್ಸು ಕಳೆಯುವ ಹೆಂಗಸರಿಗೆ ಇದೆಲ್ಲ ಎಲ್ಲಿಂದ ಬರಬೇಕು? ಉಪನ್ಯಾಸ ಮುಗಿಯುವಷ್ಟರಲ್ಲಿ ಅಧ್ಯಕ್ಷರ ಪೈಪು ಸಾಮಾನ್ಯವಾಗಿ ಮೂರು ಸಲ ಆರಿರುತ್ತಿತ್ತು.

ಅಂದು ಉಪನ್ಯಾಸ ನಡೆಯಲಿಲ್ಲ. ಸದಸ್ಯರೂ ಗೆಳೆಯರೂ ಆದ ಹಲ್ಲಿನ ಡಾಕ್ಟರನ್ನು ಅಧ್ಯಕ್ಷರು ಮೂಲೆಗೆ ಕರೆದು ಪೈಪು ಕೊಟ್ಟರು. ಡಾಕ್ಟರು ಬೂದಿ ಕೆದಕಿದರು. ಪೈಪಿನ ಬಟ್ಟಲಿನ ತಳದವರೆಗೂ ತಂಬಾಕು ಬೆಳ್ಳಗೆ, ನಯವಾಗಿ ಉರಿದಿತ್ತು.

"ಇದು ನಿಮ್ಮ ಕೆಲಸ ಅಲ್ಲ ಬಿಡಿ. ನಿಮ್ಮದು ಅರ್ಧಕ್ಕೇ ನಿಂತಿರುತ್ತೆ."

"ಹಲ್ಲಿನ ಗುರುತು ನೋಡಿ ಡಾಕ್ಟ್ರೇ."

"ಹೊಸದು ಒಂದೂ ಇಲ್ಲ. ಕಚ್ಚದೇ ಸೇದಿದಾನೆ. ಭಾರಿ ಪಳಗಿದ ಆಸಾಮಿ." ಡಾಕ್ಟರು ಭೂತಗನ್ನಡಿ ಸರಿಸಿದರು. "ಇರೋದೆಲ್ಲ ಹಳೇ ಗುರುತು, ನಿಮ್ಮ ತಂದೆಯವರದು. ಫೋಟೋದಲ್ಲಿ ಇಷ್ಟಗಲ ದವಡೆ, ಇಲ್ಲಿ ನೋಡಿದ್ರೆ ಎಷ್ಟು ಪುಟ್ಟ ಹಲ್ಲು."

"ಸಂಯಮಿಗಳ ಕಡಿತವೇ ಹಾಗೆ," ಎಂದರು ಅಧ್ಯಕ್ಷರು.

ಅವರು ತರ್ಕಬದ್ಧವಾಗಿ ಯೋಚಿಸಿದರು. ಮನೆಯಲ್ಲಿದ್ದವರು ಹೆಂಡತಿ ಮತ್ತು ಅಮ್ಮ. ಹೆಂಗಸರು ಪೈಪು ಸೇದಲಾರರು. ಆದ್ದರಿಂದ ಮನೆಗೆ ಒಬ್ಬ ಗಂಡಸು ಬಂದುಹೋಗುತ್ತಿದ್ದಾನೆ. ಹೆಂಡತಿಯನ್ನು ಅನುಮಾನಿಸುವುದು ನೋವಿನ ಸಂಗತಿಯೇ. ಆದರೆ ಉಪನ್ಯಾಸವನ್ನು ಅನುಮಾನಿಸುವುದು ಸಾಧ್ಯವೇ ಇರಲಿಲ್ಲ.

ಅವರು ಮನೆಗೆ ಬಂದಾಗ ಹೆಂಡತಿ ನಲ್ಲಿಯ ಕೆಳಗೆ ಅತ್ತೆಯ ಹಲ್ಲಿನ ಸೆಟ್ಟು ತೊಳೆಯುತ್ತಿದ್ದಳು. ಅವಳ ಕೂದಲಿಗೆ ತಂಬಾಕಿನ ವಾಸನೆ ಹತ್ತಿತ್ತು.

"ನನ್ನ ಕಣ್ಣು ತಪ್ಪಿಸಿ ಈ ಮನೇಲಿ ಯಾರು ಪೈಪ್ ಸೇದ್ತಾರೆ?"

ನಲ್ಲಿ ನಿಂತಿತು. "ಹೇಳಲ್ಲ ಅಂತ ಮಾತು ಕೊಟ್ಟಿದೀನಿ ರೀ."

"ಯಾವಾಗಿಂದ ನಡೀತಿದೆ ಇದು?"

"ನಮ್ಮ ಮದುವೆಗೂ ಮುಂಚಿಂದ."

ಅಧ್ಯಕ್ಷರು ಪೆಟ್ಟಿಗೆಯನ್ನು ಕಂಕುಳಲ್ಲಿ ಅವುಚಿಕೊಂಡರು. "ಕೈಗೆ ಸಿಗಲಿ ಅವನು. ಆಮೇಲೆ ಒಂದು ದಿನ ಕೂಡ ನೀನು ಈ ಮನೇಲಿ ಇರಲ್ಲ."

"ಮೊದಲು ಸಿಗಲಿ," ಎಂದು ಅವಳು ನಲ್ಲಿ ತಿರುಗಿಸಿದಳು.

ಸಮಾಧಾನಕ್ಕೆಂದು ಅಧ್ಯಕ್ಷರು ಅಮ್ಮನ ಕೋಣೆಗೆ ಹೋದರು. ವಾರಕ್ಕೊಮ್ಮೆ ತಪ್ಪದೆ ತರುವ ಪೆಪ್ಪರ್‌ಮಿಂಟಿನ ಪೊಟ್ಟಣ ಕೊಟ್ಟರು. ಅಮ್ಮನಿಗೆ ಬಾಯಲ್ಲಿ ಸದಾ ಒಂದು ಪೆಪ್ಪರ್‌ಮಿಂಟು ಇರಲೇಬೇಕು.

"ಅಪ್ಪನ ಪೈಪಿಗೆ ಅನ್ಯಾಯ ಆಗ್ತಿದೆ ಅಮ್ಮ."

"ಹೌದು ಕಣೋ. ದಿನಾ ಸೇದಬೇಡ ಅಂದ್ರೆ ಕೇಳಲ್ಲ ನೀನು. ಮಧ್ಯೆ ಒಂದು ದಿನ ಬಿಡಬೇಕು, ಇಲ್ಲದಿದ್ರೆ ಕಹಿ ಬರುತ್ತೆ."

ಅಪ್ಪನ ಮಾತುಗಳನ್ನು ಅಮ್ಮ ಇನ್ನೂ ಹೀಗೆ ಜತನವಾಗಿ ಇಟ್ಟುಕೊಂಡಿರುವುದು ಕಂಡು ಅಧ್ಯಕ್ಷರ ಕಣ್ಣು ತುಂಬಿತು. ಸತಿಧರ್ಮ ಅಂದರೆ ಇದು. ಅಡುಗೆಮನೆಯಲ್ಲಿರುವವಳಿಗೆ ಯಾರು ಹೇಳಬೇಕು?

ಮುಂದಿನ ಶನಿವಾರ ಅವರು ಪೆಟ್ಟಿಗೆಯನ್ನು ಬೇಕೆಂದೇ ಮನೆಯಲ್ಲಿ ಮರೆತು ಹೊರಟರು. ಸಾಕ್ಷಿಗೆಂದು ಡಾಕ್ಟರು ಬೀದಿಯ ತಿರುವಿನಲ್ಲಿ ಕಾದಿದ್ದರು. ಸ್ವಲ್ಪ ಹೊತ್ತು ಬಿಟ್ಟು ಇಬ್ಬರೂ ಹಿಂದಿನ ಬಾಗಿಲಿನಿಂದ ಬೆಕ್ಕಿನ ಹೆಜ್ಜೆ ಇಟ್ಟು ಒಳಬಂದರು. ಹೊಗೆ ತೆಳುವಾಗಿ, ಹಿತವಾಗಿ ಹರಡಿತ್ತು. ಸಂಘದಲ್ಲಿ ಒಮ್ಮೆಯೂ ಇಂಥ ಪರಿಮಳ ಮೂಡಿದ್ದಿಲ್ಲ ಎಂದು ಡಾಕ್ಟರಿಗೆ ಅನ್ನಿಸಿತು.

ಹೆಂಡತಿ ಅಮ್ಮನ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು. ಕೈಯಲ್ಲಿ ಬೆಂಕಿಪೊಟ್ಟಣ.

"ಅಮ್ಮನ ಕೋಣೇಲೇ ಬಚ್ಚಿಟ್ಟಿದೀಯಾ ಅವನನ್ನ?"

"ಅವನು ಅನ್ನೋನು ಯಾರೂ ಇಲ್ಲ ರೀ ಒಳಗೆ. ದಯವಿಟ್ಟು ಹೋಗಬೇಡಿ."

ಅಧ್ಯಕ್ಷರು ಅವಳನ್ನು ಪಕ್ಕಕ್ಕೆ ಸರಿಸಿ, ಗೋಡೆಗೆ ಒರಗಿಸಿದ್ದ ಅಮ್ಮನ ಊರುಗೋಲು ಎತ್ತಿ, ಬಾಗಿಲು ತಳ್ಳಿದರು.

ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಅಮ್ಮ ಕಣ್ಣು ಮುಚ್ಚಿ ಕೂತಿದ್ದರು. ಬೋಳು ಒಸಡುಗಳ ನಡುವೆ ಪೈಪು ಹಗುರಾಗಿ ನಿಂತಿತ್ತು. ಪಕ್ಕದ ಲೋಟದ ನೀರಿನಲ್ಲಿ ಹಲ್ಲಿನ ಸೆಟ್ಟು. ಅದನ್ನು ಕಟ್ಟಿಕೊಟ್ಟವರು ಈ ಡಾಕ್ಟರೇ. ಅಮ್ಮನ ಮೊದಲಿನ ಹಲ್ಲಿನ ಅಳತೆಗೇ, ಪುಟ್ಟಪುಟ್ಟದಾಗಿ. ಈ ಸಲ ಡಾಕ್ಟರಿಗೆ ಭೂತಗನ್ನಡಿ ಬೇಕಾಗಲಿಲ್ಲ.

"ಅಮ್ಮ, ಅದು ಅಪ್ಪನ..." ಎನ್ನುವಷ್ಟರಲ್ಲಿ ಹೊಗೆ ಗಂಟಲಿಗೆ ಸಿಕ್ಕಿ ಅಧ್ಯಕ್ಷರಿಗೆ ಕೆಮ್ಮು ಹತ್ತಿತು.

"ಹೋಗಿ ಬಾಗಿಲ ಹತ್ರ ನಿಂತ್ಕೋ ಕಣೋ," ಎಂದರು ಅಮ್ಮ, ಕಣ್ಣು ತೆರೆಯದೆ. "ನಿಮ್ಮಪ್ಪನೂ ಆ ಫೋಟೋ ತೆಗೆಸ್ಕೊಂಡು, ಪೈಪು ನನ್ನ ಕೈಗೆ ವಾಪಸ್ ಕೊಟ್ಟು, ನಾನು ಹಚ್ಚಿದ ತಕ್ಷಣ ಹೀಗೇ ಕೆಮ್ಕೊಂಡು ಅಲ್ಲಿಗೇ ಓಡಿದ್ರು."