ಫೈನಲ್ ಮುಗಿದ ಮೇಲೆ ಮದುವೆ

ಐರ್ಲೆಂಡಿನ ಆ ಹಳ್ಳಿಯಲ್ಲಿ ಕೋಲಿನಿಂದ ಚೆಂಡು ಹೊಡೆಯುವ ಹರ್ಲಿಂಗ್ ಆಟವೆಂದರೆ ಹುಚ್ಚು. ಆಡಿದವನಿಗೆ ಬಿಡಿಗಾಸಿಲ್ಲ. ಆದರೂ ಪಂದ್ಯಾವಳಿಯಲ್ಲಿ ಊರಿನ ತಂಡ ಸೋಲುವವರೆಗೆ ಯಾವ ಆಟಗಾರನೂ ಮದುವೆಯಾಗುವಂತಿಲ್ಲ. ತಂಡ ಗೆಲ್ಲುತ್ತಲೇ ಹೋಯಿತು, ನಾಯಕನ ಮದುವೆ ವರ್ಷದಿಂದ ವರ್ಷಕ್ಕೆ ಮುಂದೆ ಹೋಯಿತು.

"ಈ ಸಲಾನೂ ಫೈನಲ್ ಅಂದ್ರೆ ಆ ಕೋಲನ್ನೇ ಕಟ್ಕೋ," ಎಂದಳು ಅವನ ಹುಡುಗಿ.

ಮೊದಲ ಪಂದ್ಯದಲ್ಲೇ ನಾಯಕ ಖಾಲಿ ಗೋಲಿನೆದುರು ನಿಂತು ಚೆಂಡನ್ನು ಪಕ್ಕದ ಹುಲ್ಲುಗಾವಲಿಗೆ ಹೊಡೆದ. ಮತ್ತೊಮ್ಮೆಯೂ ಹಾಗೇ ಮಾಡಿದ. ತರಬೇತುದಾರ ಬಾಯಿಗೆ ಬಂದಂತೆ ಬೈದು ಅವನನ್ನು ಹೊರಗೆಳೆದ, ಬದಲಿಗೆ ಬೇಕರಿಯವನನ್ನು ಇಳಿಸಿದ. ಬೇಕರಿಯವನು ಬಂದವನೇ ಎರಡು ಗೋಲು ಹೊಡೆದ. ಆದರೂ ಊರು ಒಂದೇ ಅಂಕದಿಂದ ಸೋತಿತು.

ನಾಯಕ ಕುಣಿಯುತ್ತಾ ಹುಡುಗಿಯ ಬಳಿಗೆ ಓಡಿದ.

"ಸೋತ್ವಿ ಕಣೇ! ಮುಂದಿನ ತಿಂಗಳೇ ಮದುವೆ!"

ಕೂಗಿ ಕೂಗಿ ಅವಳ ಗಂಟಲು ಕಟ್ಟಿತ್ತು. "ಅಷ್ಟು ಹತ್ತಿರದಿಂದ ಹೇಗೋ ತಪ್ಪಿತು?"

"ತಪ್ಪಲಿಲ್ಲ, ತಪ್ಪಿಸಿದೆ. ನಿನಗೋಸ್ಕರ."

"ಬೇಕಂತಲೇ?"

"ಹೂಂ ಮತ್ತೆ!"

ಅವಳು ನಿಶ್ಚಿತಾರ್ಥದ ಉಂಗುರ ಬಿಚ್ಚಿ ಅವನ ಅಂಗೈಗೆ ಹಾಕಿದಳು.

"ಆ ಬೇಕರಿಯವನಿಗೆ ಮದುವೆ ಆಗಿದೆಯಾ?"