ಹಸಿರಾಗದ ಮಣಿ

ಮಕ್ಕಳ ಇಲಾಖೆಯ ಸಾಹೇಬರು ಪುಟ್ಟ ಇಂಚರಳ ಕೈಗೆ ಕಟ್ಟಿದ್ದ ಮಣಿ ನೋಡಿ ಲೊಚಗುಟ್ಟಿದರು. ಸಾಕುತಾಯಿಯನ್ನು ಹಚ್ಚಿಕೊಂಡ ಮಗುವಿನ ಮಣಿ ಹಸಿರಾಗಬೇಕು. ಆರು ತಿಂಗಳಲ್ಲಿ ಆಗದಿದ್ದರೆ ಮಗುವನ್ನು ಬೇರೆ ಮನೆಗೆ ಕೊಡುವುದು ಊರಿಗೆಲ್ಲ ರೂಢಿ. ಗ್ಯಾಸ್ ಸಿಲಿಂಡರ್ ಬದಲಾಯಿಸಿದಷ್ಟೇ ಸಲೀಸು.

"ಇನ್ನೂ ಕೆಂಪಗ ಐತಲ್ರೀ ದಾನಮ್ಮ. ಕೂಸು ನಿಮ್ಮನ್ನ ಹಚ್ಕೊಂಡಿಲ್ಲ. ಬ್ಯಾರೆ ಮನಿ ನೋಡೇವಿ."

ದಾನಮ್ಮನ ಪಿತ್ತ ನೆತ್ತಿಗೇರಿತು. "ಅದು ಐದನೇ ಮನಿ ಆಗ್ತೈತಲ್ರೀ! ಬೇರು ಬಿಡೂ ಮೊದಲ ಕಿತ್ತು ಕಿತ್ತು ಹಚ್ಚತೀರಿ, ಚಿಗುರಿಲ್ಲ ಅಂತ ಸಸಿಗೇ ಬೈತೀರಿ?"

ಸಾಹೇಬರು ಕೇಳಿಸದವರಂತೆ ಮಗುವಿನತ್ತ ಕೈ ಚಾಚಿದರು. ಯಾರು ಕರೆದರೂ ನಗುತ್ತ ಹೋಗುವ ಮಗು ಅದು. ಹಾಲಿನವನ ಹಿಂದೆ, ಬಳೆಗಾರ್ತಿಯ ಹಿಂದೆ ಹೋದವಳನ್ನು ದಾನಮ್ಮ ಎಷ್ಟೋ ಸಲ ಓಣಿಯೆಲ್ಲ ಹುಡುಕಿ ತಂದಿದ್ದಳು. ಹಿಂದಿನ ಮನೆಗಳಿಂದಲೂ ಹಾಗೆಯೇ ನಗುತ್ತ ಹೊರಟಿದ್ದಳಂತೆ.

ಇವತ್ತು ಮಾತ್ರ ಕಿಟಾರನೆ ಕಿರುಚಿ ದಾನಮ್ಮನ ಸೆರಗಿನಲ್ಲಿ ಮುಖ ಹುದುಗಿಸಿದಳು.

"ನೋಡ್ರಿ, ಮಣಿ ಇನ್ನಷ್ಟು ಕೆಂಪಾತು," ಎಂದರು ಸಾಹೇಬರು.

"ಮಣಿ ಬಿಡ್ರಿ, ಕೂಸಿನ ಮಾರಿ ನೋಡ್ರಿ!" ದಾನಮ್ಮ ಮಗುವನ್ನು ಎತ್ತಿಕೊಂಡು ಬಾಗಿಲು ತೋರಿಸಿದಳು. "ಹೊರಗಿನವರು ಯಾರು ಅಂತ ಇವತ್ತ ಅಕಿಗೆ ತಿಳಿದೈತಿ. ನಡೀರಿ ಹೊರಗ!"